ಚಪ್ಪಟೆ ತಳದ ಸಣ್ಣ ದೋಣಿಗೆ ಜೆಟ್ ಅಳವಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾವೇರಿ ಮತ್ತು ಗದಗ ಜಿಲ್ಲೆಗಳ ಹೊಳೆಗಳಲ್ಲಿ, ಅಂದರೆ ತುಂಗಭದ್ರಾ, ವರದಾ ಮತ್ತು ಮಲಪ್ರಭೆಯಲ್ಲಿ, 12ರಿಂದ 16 ಅಡಿ ಉದ್ದದ ಚಪ್ಪಟೆ ತಳದ ದೋಣಿಗಳನ್ನು ಓಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಈ ಹೊಳೆಗಳು ಬೇಸಿಗೆಯಲ್ಲಿ ಮರಳದಿಬ್ಬಗಳ ನಡುವೆ ಮೊಣಕಾಲುದ್ದಕ್ಕೆ ಇಳಿಯುತ್ತವೆ. ಆ ತೆಳುನೀರಿನಲ್ಲಿ ಪ್ರೊಪೆಲ್ಲರ್ ಕಲ್ಲಿಗೆ ಬಡಿದು ಮುರಿದಾಗ ಜೆಟ್‌ನ ವಿಚಾರ ಮೊದಲು ತಲೆಗೆ ಬರುತ್ತದೆ.

ಜೆಟ್ ಎಂದರೆ ಏನು? ಅದು ದೋಣಿಯನ್ನು ಹೇಗೆ ನೂಕುತ್ತದೆ?

ಜೆಟ್ ಎಂದರೆ ದೋಣಿಯೊಳಗೆ ಅಥವಾ ಅದರ ಹಿಂಬದಿಯ ಎಂಜಿನ್ನಿನಲ್ಲಿ ಕೂತ ಒಂದು ಪಂಪು. ತಳದಲ್ಲಿರುವ ಬಾಯಿಯಿಂದ ಅದು ನೀರನ್ನು ಎಳೆದುಕೊಂಡು, ಒಳಗೆ ತಿರುಗುವ ಅಲಗುಗಳ ಚಕ್ರವಾದ ಇಂಪೆಲ್ಲರ್‌ನಿಂದ ಅದರ ಒತ್ತಡ ಹೆಚ್ಚಿಸಿ, ಹಿಂಬದಿಯ ಕಿರಿದಾದ ನಳಿಕೆಯಿಂದ ರಭಸವಾಗಿ ಹೊರಗೆ ಚಿಮ್ಮಿಸುತ್ತದೆ. ನೀರು ಹಿಂದಕ್ಕೆ ಹೋದಷ್ಟು ಬಲ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ತಳದ ಕೆಳಗೆ ತಿರುಗುವ ಅಲಗು ಯಾವುದೂ ಇಲ್ಲದಿರುವುದರಿಂದ ಕಲ್ಲಿಗೆ ಬಡಿಯಲು ಅಲ್ಲಿ ಏನೂ ಇರುವುದಿಲ್ಲ.

ಈ ವಿದ್ಯೆ ಬೆಳೆದದ್ದೇ ತೆಳುನೀರಿನ ಹೊಳೆಗಳಿಗಾಗಿ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಅವರು ತಮ್ಮ ಸೀಮೆಯ ಜಲ್ಲಿಕಲ್ಲಿನ ನದಿಗಳನ್ನು ಹತ್ತಿಹೋಗುವ ದೋಣಿ ಬೇಕೆಂದು 1950ರ ದಶಕದ ಮೊದಲ ಭಾಗದಲ್ಲಿ ಪ್ರಯೋಗ ಆರಂಭಿಸಿದರು. ಮೊದಲು ಅವರು ನೀರನ್ನು ತಳದ ಕೆಳಗೇ ಹೊರಬಿಡುತ್ತಿದ್ದರು. ನಳಿಕೆಯನ್ನು ನೀರಿನ ಮಟ್ಟಕ್ಕಿಂತ ಮೇಲೆ ತಂದಾಗ ದೋಣಿಯ ವೇಗ ಗಣನೀಯವಾಗಿ ಹೆಚ್ಚಿತು. 1960ರಲ್ಲಿ ಅವರ ಜೆಟ್ ದೋಣಿಗಳು ಅಮೆರಿಕದ ಕೊಲೊರಾಡೊ ನದಿಯನ್ನು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೂಲಕ ಪ್ರವಾಹಕ್ಕೆ ಎದುರಾಗಿ ಹತ್ತಿದವು.

ನನ್ನ ದೋಣಿಗೆ ಜೆಟ್ ನಿಜವಾಗಿ ಬೇಕೇ?

ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕು, ಏಕೆಂದರೆ ಕೇಳುವವರಲ್ಲಿ ಹೆಚ್ಚಿನವರಿಗೆ ಜೆಟ್ ಬೇಕಾಗಿರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ದೋಣಿ ನೀರಿನ ಮೇಲಕ್ಕೆ ಎದ್ದು, ತಳದ ಹಿಂಭಾಗ ಮಾತ್ರ ನೀರಿಗೆ ತಾಗುವಂತೆ ಜಾರಿ ಓಡುವಾಗ, ಅಂದರೆ ಪ್ಲೇನಿಂಗ್ ಸ್ಥಿತಿಯಲ್ಲಿ, ಜೆಟ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ನಿಧಾನವಾಗಿ ತೆವಳುವ ದೋಣಿಯಲ್ಲಿ ಅದೇ ಜೆಟ್ ಪೆಟ್ರೋಲು ಕುಡಿಯುವ ಪಂಪು ಅಷ್ಟೇ.

ಇದಕ್ಕೆ ಕಾರಣ ಲೆಕ್ಕದಲ್ಲಿದೆ. ನಳಿಕೆಯಿಂದ ನೀರು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹೊರಬೀಳುತ್ತಿದ್ದು, ದೋಣಿ ಸೆಕೆಂಡಿಗೆ 8 ಮೀಟರ್, ಅಂದರೆ ಗಂಟೆಗೆ ಸುಮಾರು 29 ಕಿಲೋಮೀಟರ್ ಓಡುತ್ತಿದ್ದರೆ, ಧಾರೆಗೆ ಕೊಟ್ಟ ಶಕ್ತಿಯಲ್ಲಿ ಸುಮಾರು ಶೇ. 70ರಷ್ಟು ದೋಣಿಯನ್ನು ನೂಕಲು ಸಲ್ಲುತ್ತದೆ. ಭಾರ ಹೇರಿದ ದೋಣಿ ಮೇಲಕ್ಕೇಳಲಾರದೆ, ಅದೇ ಧಾರೆಯಲ್ಲಿ ಸೆಕೆಂಡಿಗೆ 2 ಮೀಟರ್ ಮಾತ್ರ ಚಲಿಸಿದರೆ ಈ ಪ್ರಮಾಣ ಶೇ. 24ಕ್ಕಿಂತ ಕೆಳಗೆ ಬೀಳುತ್ತದೆ. ಪಂಪಿನ ಒಳಗಿನ ನಷ್ಟವನ್ನು ಇದರ ಮೇಲೆ ಮತ್ತೆ ಕಳೆಯಬೇಕು.

ಆದ್ದರಿಂದ ಬಲೆ ಹಾಕಲು, ಹೊಳೆಯ ಆಚೆ ದಂಡೆಯ ಹೊಲಕ್ಕೆ ಗೊಬ್ಬರದ ಚೀಲ ಸಾಗಿಸಲು ಅಥವಾ ಜನರನ್ನು ನಿಧಾನವಾಗಿ ದಾಟಿಸಲು ದೋಣಿ ಇಟ್ಟುಕೊಂಡವರು ಉದ್ದ ಕೊಳವೆಯ ತುದಿಯಲ್ಲಿ ಪ್ರೊಪೆಲ್ಲರ್ ಇರುವ ಲಾಂಗ್‌ಟೇಲ್ ಎಂಜಿನ್ನನ್ನು ನೋಡುವುದು ಉತ್ತಮ. ಗಾಳಿಯಿಂದ ತಣಿಯುವ ಐದಾರು ಎಚ್‌ಪಿಯ ಸಾಮಾನ್ಯ ಪೆಟ್ರೋಲ್ ಎಂಜಿನ್ ಅದಕ್ಕೆ ಸಾಕು. ನೀರು ತೆಳುವಾದಲ್ಲಿ ಕೊಳವೆಯನ್ನು ಕೈಯಿಂದಲೇ ಮೇಲೆತ್ತಬಹುದು, ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಸರಿಮಾಡುತ್ತಾನೆ. ಹಗುರ ದೋಣಿಯಲ್ಲಿ ದೂರದ ದಾರಿಯನ್ನು ಬೇಗ ಕ್ರಮಿಸಬೇಕಾದವರಿಗೆ, ದಾರಿಯಲ್ಲಿ ಅಲ್ಲಲ್ಲಿ ಒಂದು ಗೇಣು ನೀರಿನ ದಿಬ್ಬಗಳನ್ನು ನಿಲ್ಲದೆ ದಾಟಬೇಕಾದವರಿಗೆ ಮಾತ್ರ ಮುಂದಿನ ಉತ್ತರಗಳು ಉಪಯುಕ್ತ.

ಬ್ಯಾರೇಜಿನ ಹಿನ್ನೀರಿನಲ್ಲಿ ಓಡಿಸಲು ಜೆಟ್ ಬೇಕೇ?

ಬೇಡ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಸಿಂಗಟಾಲೂರು ಬ್ಯಾರೇಜಿನ ಹಿಂದೆ ನೀರು ನಿಂತಿರುವಾಗ ಸಾಮಾನ್ಯ ಪ್ರೊಪೆಲ್ಲರ್ ಕಡಿಮೆ ಇಂಧನದಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಗೇಟುಗಳ ಸಮೀಪಕ್ಕೆ ಮೇಲಿನಿಂದಾಗಲಿ ಕೆಳಗಿನಿಂದಾಗಲಿ ಯಾವ ದೋಣಿಯನ್ನೂ ಒಯ್ಯಬಾರದು.

ಎಷ್ಟು ಎಚ್‌ಪಿ ಎಂಜಿನ್ ಬೇಕಾಗುತ್ತದೆ?

ದೋಣಿ, ಎಂಜಿನ್, ಇಂಧನ ಮತ್ತು ಇಬ್ಬರು ಆಳುಗಳು ಸೇರಿ 400 ಕಿಲೋ ಆಯಿತೆಂದು ಇಟ್ಟುಕೊಳ್ಳೋಣ. ಚಪ್ಪಟೆ ತಳದ ಹಗುರ ದೋಣಿ ಮೇಲಕ್ಕೆದ್ದು ಓಡುವಾಗ ನೀರಿನ ಎಳೆತ ಅದರ ಒಟ್ಟು ತೂಕದ ಆರನೇ ಒಂದರಿಂದ ಐದನೇ ಒಂದು ಭಾಗದಷ್ಟು ಇರುತ್ತದೆಂದು ಹಿಡಿದರೆ 65ರಿಂದ 80 ಕಿಲೋ ನೂಕುಬಲ ಬೇಕು. ನಳಿಕೆಯ ಬಾಯಿ 10 ಸೆಂಟಿಮೀಟರ್ ಅಗಲವಿದ್ದು ನೀರು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹೊರಬಂದರೆ ಸೆಕೆಂಡಿಗೆ ಸುಮಾರು 118 ಲೀಟರ್ ನೀರು ಹಾದುಹೋಗುತ್ತದೆ. ಮೇಲೆ ಹೇಳಿದ 29 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 84 ಕಿಲೋ ನೂಕುಬಲ ಕೊಡುತ್ತದೆ. ಆ ಧಾರೆಗೆ 9.5 ಕಿಲೋವ್ಯಾಟ್ ಶಕ್ತಿ ಬೇಕು. ಪಂಪು ಮತ್ತು ಬಾಯಿಯ ನಷ್ಟಗಳನ್ನು ಸೇರಿಸಿದರೆ ಎಂಜಿನ್ನಿನಿಂದ 21 ಎಚ್‌ಪಿಯಷ್ಟು ತೆಗೆಯಬೇಕಾಗುತ್ತದೆ.

ಇದು ದೋಣಿ ಈಗಾಗಲೇ ಮೇಲಕ್ಕೆದ್ದು ಓಡುತ್ತಿರುವಾಗಿನ ಲೆಕ್ಕ. ನಿಂತಲ್ಲಿಂದ ಎಬ್ಬಿಸಲು ಹೆಚ್ಚಿನ ಬಲ ಕೈಯಲ್ಲಿರಬೇಕಾದ್ದರಿಂದ ಇಂಥ ದೋಣಿಗೆ 30ರಿಂದ 40 ಎಚ್‌ಪಿಯ ಎಂಜಿನ್ನನ್ನೇ ಆರಿಸಬೇಕು. ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ಬಿಗಿಯುವ, ಪ್ರೊಪೆಲ್ಲರ್ ತೆಗೆದು ಜೆಟ್ ಹಾಕಿದ ಔಟ್‌ಬೋರ್ಡ್ ಎಂಜಿನ್ ತನ್ನ ಬಲದಲ್ಲಿ ಸುಮಾರು ಶೇ. 30ರಷ್ಟನ್ನು ಕಳೆದುಕೊಳ್ಳುತ್ತದೆ. 40 ಎಚ್‌ಪಿಯ ಎಂಜಿನ್ 28 ಎಚ್‌ಪಿಯದರಂತೆ ನಡೆದುಕೊಳ್ಳುತ್ತದೆ ಎಂದು ಮೊದಲೇ ಒಪ್ಪಿಕೊಂಡು ಲೆಕ್ಕ ಹಾಕಿದರೆ ನಿರಾಶೆಯಾಗುವುದಿಲ್ಲ. 10 ಅಥವಾ 15 ಎಚ್‌ಪಿಯ ಎಂಜಿನ್ನಿಗೆ ಜೆಟ್ ಹಾಕಿ ಇಬ್ಬರನ್ನು ಕೂರಿಸಿದರೆ ದೋಣಿ ಮೇಲಕ್ಕೇಳುವುದಿಲ್ಲ.

ಹೊಲದ ಐದು ಎಚ್‌ಪಿ ಪಂಪ್‌ಸೆಟ್ಟನ್ನೇ ಜೆಟ್ ಆಗಿ ಬಳಸಬಹುದೇ?

ನೀರಾವರಿ ಪಂಪುಗಳೊಂದಿಗೇ ಬೆಳೆದ ನಮ್ಮ ಭಾಗದಲ್ಲಿ ಈ ಪ್ರಶ್ನೆ ಸಹಜವಾಗಿ ಬರುತ್ತದೆ, ಇದಕ್ಕೆ ಗೌರವದಿಂದಲೇ ಉತ್ತರಿಸಬೇಕು. ಹೊಲದ ಸೆಂಟ್ರಿಫ್ಯೂಗಲ್ ಪಂಪನ್ನು ಸ್ವಲ್ಪ ನೀರನ್ನು ಹೆಚ್ಚು ಎತ್ತರಕ್ಕೆ ಏರಿಸಲು ರೂಪಿಸಿರುತ್ತಾರೆ. ದೋಣಿಗೆ ಬೇಕಾಗಿರುವುದು ಇದಕ್ಕೆ ವಿರುದ್ಧವಾದ ಗುಣ: ಹೆಚ್ಚು ನೀರು, ಕಡಿಮೆ ಒತ್ತಡ. ಐದು ಎಚ್‌ಪಿಯ ಪಂಪು ಸೆಕೆಂಡಿಗೆ 12 ಲೀಟರ್ ನೀರನ್ನು 20 ಮೀಟರ್ ವೇಗದಲ್ಲಿ ಚಿಮ್ಮಿಸಿತೆಂದರೆ, ದೋಣಿ ನಿಂತಿರುವಾಗ ಸಿಗುವ ನೂಕುಬಲ ಸುಮಾರು 24 ಕಿಲೋ. ಅದೇ ಎಂಜಿನ್ನಿಗೆ ಸರಿಯಾದ ಪ್ರೊಪೆಲ್ಲರ್ ಕಟ್ಟಿದರೆ ಅದರ ಎರಡು ಪಟ್ಟು ಸಿಗುತ್ತದೆ. ದೋಣಿ ಸೆಕೆಂಡಿಗೆ 2 ಮೀಟರ್ ಹೋಗುವಾಗ ಪಂಪಿನ ದಾರಿಯಲ್ಲಿ ಎಂಜಿನ್ನಿನ ಬಲದ ಎಂಟನೇ ಒಂದು ಭಾಗವೂ ಉಪಯೋಗಕ್ಕೆ ಬರುವುದಿಲ್ಲ. ಪ್ರಯೋಗದ ಖುಷಿಗೆ ಕೆರೆಯಲ್ಲಿ ಮಾಡಿ ನೋಡಬಹುದು, ಹೊಳೆಯ ಹರಿವಿಗೆ ಎದುರಾಗಿ ಅದನ್ನು ನಂಬಬಾರದು.

ಔಟ್‌ಬೋರ್ಡ್ ಎಂಜಿನ್ನಿನ ಜೆಟ್ ಒಳ್ಳೆಯದೋ, ದೋಣಿಯೊಳಗೆ ಕೂರಿಸುವ ಜೆಟ್ ಒಳ್ಳೆಯದೋ?

ಮೊದಲ ಬಾರಿಗೆ ಮಾಡುವವರು ಔಟ್‌ಬೋರ್ಡ್ ದಾರಿಯನ್ನೇ ಹಿಡಿಯಲಿ. ಎಂಜಿನ್ನಿನ ಕೆಳಭಾಗದ ಗೇರುಪೆಟ್ಟಿಗೆ ಮತ್ತು ಪ್ರೊಪೆಲ್ಲರನ್ನು ಬಿಚ್ಚಿ ಆ ಜಾಗಕ್ಕೆ ಜೆಟ್ ಪಂಪನ್ನು ಬಿಗಿಯುವ ಸಿದ್ಧ ಭಾಗಗಳು ಆಯಾ ಎಂಜಿನ್ ಮಾದರಿಗೆ ತಕ್ಕಂತೆ ಹೊರದೇಶಗಳಲ್ಲಿ ತಯಾರಾಗುತ್ತವೆ. ದೋಣಿಯ ತಳ ಕೊರೆಯಬೇಕಾಗಿಲ್ಲ, ಬೇಡವೆನಿಸಿದರೆ ಮತ್ತೆ ಪ್ರೊಪೆಲ್ಲರ್‌ಗೆ ಮರಳಬಹುದು, ಎಂಜಿನ್ನಿನ ತಣಿಸುವ ವ್ಯವಸ್ಥೆ ಮತ್ತು ಹೊಗೆ ಕೊಳವೆ ಮೊದಲಿದ್ದಂತೆಯೇ ಇರುತ್ತವೆ.

ಒಳಗೆ ಕೂರಿಸುವ ಜೆಟ್‌ನಲ್ಲಿ ಪಂಪಿನ ಬಾಯಿ ತಳಕ್ಕೆ ಸಮನಾಗಿ ಇರುವುದರಿಂದ ಕೆಳಗೆ ಏನೂ ಚಾಚಿಕೊಂಡಿರುವುದಿಲ್ಲ. ಕಲ್ಲು ತುಂಬಿದ ಹೊಳೆಗೆ ಅದೇ ಶ್ರೇಷ್ಠ. ಆದರೆ ತಳವನ್ನು ಕತ್ತರಿಸಿ, ಬಾಯಿಯ ಸುರಂಗವನ್ನು ನೀರು ಸೋರದಂತೆ ಕೂರಿಸಿ, ಎಂಜಿನ್ ಮತ್ತು ಪಂಪಿನ ದಂಡಗಳನ್ನು ಒಂದೇ ಗೆರೆಗೆ ತರಬೇಕು. ನೀರಿನ ಸ್ಕೂಟರುಗಳ ಹಳೆಯ ಎಂಜಿನ್ ಮತ್ತು ಪಂಪು ಒಟ್ಟಿಗೆ ಸಿಕ್ಕರೆ ಈ ಕೆಲಸ ಅರ್ಧ ಹಗುರವಾಗುತ್ತದೆ, ಏಕೆಂದರೆ ಅವೆರಡೂ ಒಂದಕ್ಕೊಂದು ಹೊಂದುವಂತೆ ತಯಾರಾಗಿರುತ್ತವೆ. ಹಳೆಯ ಕಾರಿನ ಎಂಜಿನ್ ಬಳಸುವ ಯೋಚನೆ ಇದ್ದವರು ಅದರ ಗರಿಷ್ಠ ಬಲ ಯಾವ ಸುತ್ತಿನಲ್ಲಿ ಬರುತ್ತದೆ, ಪಂಪು ಆ ಸುತ್ತಿನಲ್ಲಿ ಎಷ್ಟು ಬಲ ನುಂಗುತ್ತದೆ ಎಂಬುದನ್ನು ತಾಳೆ ನೋಡದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು. ದೋಣಿ ನಿಂತಿರುವಾಗ ಪಂಪಿನ ನಡುದಂಡ ನೀರಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರಲೇಬೇಕು, ಇಲ್ಲವಾದರೆ ಇಂಪೆಲ್ಲರ್ ಬರೀ ಗಾಳಿಯಲ್ಲಿ ತಿರುಗುತ್ತದೆ. ಮುಚ್ಚಿದ ಎಂಜಿನ್ ಗೂಡಿನಲ್ಲಿ ಪೆಟ್ರೋಲಿನ ಆವಿ ತಳದಲ್ಲಿ ಕೂರುವುದರಿಂದ, ಕಿಡಿ ಹಾರಿಸದ ಬ್ಲೋವರ್ ಇಟ್ಟು ಎಂಜಿನ್ ಚಾಲೂ ಮಾಡುವ ಮುನ್ನ ಆವಿಯನ್ನು ಹೊರಹಾಕುವುದು ಕಡ್ಡಾಯ.

ದೋಣಿಯ ತಳದಲ್ಲಿ ಏನು ಬದಲಿಸಬೇಕು?

ಅಳವಡಿಕೆ ಸೋಲುವುದು ಬಹುತೇಕ ಇಲ್ಲಿಯೇ. ಫುಟ್‌ವಾಲ್ವ್ ಸೋರಿದ ಪಂಪ್‌ಸೆಟ್ ಗಾಳಿ ಹಿಡಿದು ನೀರೆತ್ತದೆ ಬರಿದೇ ಓಡುವಂತೆ, ಜೆಟ್‌ನ ಬಾಯಿಗೆ ನೀರಿನೊಂದಿಗೆ ಗಾಳಿ ಸೇರಿದರೆ ಎಂಜಿನ್ನಿನ ಸದ್ದು ಒಮ್ಮೆಲೇ ಏರುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಚಪ್ಪಟೆ ತಳ ಈ ತೊಂದರೆಯನ್ನು ತಾನಾಗಿಯೇ ತರುತ್ತದೆ. ಮುಂದಿನ ಅಂಚಿನಲ್ಲಿ ಅಲೆಗೆ ಬಡಿದು ಎದ್ದ ನೊರೆ ಪಕ್ಕಕ್ಕೆ ಸರಿಯುವ ಬದಲು ತಳದಡಿಯಲ್ಲಿಯೇ ಹಿಂದಕ್ಕೆ ಬಂದು ನೇರವಾಗಿ ಬಾಯಿಗೆ ಹೋಗುತ್ತದೆ. ದೋಣಿಯ ಮುಂಭಾಗಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿದ್ದರೆ ನೊರೆ ಎರಡೂ ಪಕ್ಕಕ್ಕೆ ಒಡೆದು ಹೋಗುತ್ತದೆ. ಹೊಸದಾಗಿ ದೋಣಿ ಕಟ್ಟಿಸುವವರು ಇದನ್ನು ಮೊದಲೇ ಹೇಳಿ ಮಾಡಿಸಿಕೊಳ್ಳಬೇಕು.

ತಳದ ನಡುವೆ ಉದ್ದಕ್ಕೂ ಇರುವ ಕೀಲ್ ಪಟ್ಟಿ, ಸಾಲು ರಿವೆಟ್ಟುಗಳು ಮತ್ತು ಬಲಪಟ್ಟಿಗಳು ನೀರನ್ನು ಕಲಕುತ್ತವೆ. ಬಾಯಿಯ ಮುಂದಿನ ಕನಿಷ್ಠ ಮೂರು ಅಡಿ ಜಾಗದಲ್ಲಿ ಇವುಗಳನ್ನು ತೆಗೆದು ಅಥವಾ ಇಳಿಜಾರಾಗಿ ಸವೆಸಿ ನುಣುಪು ಮಾಡಬೇಕು. ಪಟ್ಟಿ ತೆಗೆದ ಮೇಲೆ ಕುಗ್ಗುವ ಬಲವನ್ನು ಒಳಗಿನಿಂದ ಅಡ್ಡಪಟ್ಟಿ ಹಾಕಿ ತುಂಬಿಕೊಡಬೇಕು. ಕಲ್ಲಿನ ಹೊಳೆಗೆ ಅಲ್ಯೂಮಿನಿಯಂ ತಳವಾದರೆ 3 ಮಿಲಿಮೀಟರ್ ತೀರ ಕಡಿಮೆ, 4 ಮಿಲಿಮೀಟರ್ ಇದ್ದರೆ ಧೈರ್ಯ. ಹಿಂಬದಿಯ ಹಲಗೆ ಎತ್ತರಿಸಿದ ಎಂಜಿನ್ನಿನ ಭಾರ ಮತ್ತು ನೂಕುಬಲವನ್ನು ಹೊರಬೇಕಾದ್ದರಿಂದ ಅದನ್ನು ಎರಡೂ ಪಕ್ಕದ ಗೋಡೆಗಳಿಗೆ ಮೂಲೆಕಟ್ಟು ಹಾಕಿ ಬಿಗಿಯಬೇಕು.

ಎಂಜಿನ್ನನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕು?

ಜೆಟ್ ಹಾಕಿದ ಎಂಜಿನ್ನನ್ನು ಪ್ರೊಪೆಲ್ಲರ್ ಇದ್ದಾಗಿನ ಹಳೆಯ ಎತ್ತರದಲ್ಲಿಯೇ ಬಿಗಿದರೆ ಬಾಯಿ ತಳಕ್ಕಿಂತ ಕೆಳಗೆ ಇಳಿದು ನೀರಿಗೆ ಅಡ್ಡ ನಿಲ್ಲುತ್ತದೆ. ಸಾಮಾನ್ಯವಾಗಿ ಎಂಜಿನ್ನನ್ನು ಆರು ಅಂಗುಲದ ಆಸುಪಾಸು ಮೇಲೆತ್ತಬೇಕಾಗುತ್ತದೆ. ಖಚಿತ ಅಳತೆಯನ್ನು ಕೊಂಡ ಭಾಗದ ಜೊತೆ ಬರುವ ಹಾಳೆಯಿಂದಲೇ ತೆಗೆದುಕೊಳ್ಳಬೇಕು. ಗುರಿ ಇಷ್ಟೇ: ಬಾಯಿಯ ಮುಂದಿನ ಅಂಚು ದೋಣಿಯ ತಳದ ಮಟ್ಟಕ್ಕೆ ಸರಿಯಾಗಿ ಬರಬೇಕು, ನಡುವೆ ಗಾಳಿ ನುಸುಳುವ ಬಿರುಕು ಇರಬಾರದು.

ಕಾಲು ಅಂಗುಲದಷ್ಟು ಕೆಳಗೆ ಆರಂಭಿಸಿ, ಓಡಿಸಿ ನೋಡುತ್ತಾ ಸ್ವಲ್ಪ ಸ್ವಲ್ಪವೇ ಮೇಲೆತ್ತಬೇಕು. ತಿರುವಿನಲ್ಲಿ ಗಾಳಿ ಹಿಡಿಯತೊಡಗಿದ ಕೂಡಲೇ ಒಂದು ಹೆಜ್ಜೆ ಕೆಳಗಿಳಿಸಿ ಅಲ್ಲಿಯೇ ಬಿಗಿಯಬೇಕು. ಇದಕ್ಕಾಗಿ ಹಲಗೆಯಲ್ಲಿ ಒಂದೇ ತೂತು ಕೊರೆಯದೆ ಉದ್ದನೆಯ ಸೀಳು ಬಿಟ್ಟ ಉಕ್ಕಿನ ತಟ್ಟೆ ಮಾಡಿಸಿಕೊಂಡರೆ ಕೆಲಸ ಸುಲಭ.

ನಿಜವಾಗಿ ಎಷ್ಟು ನೀರಿನಲ್ಲಿ ಓಡುತ್ತದೆ?

ಓಡುವ ದೋಣಿಗೂ ನಿಂತ ದೋಣಿಗೂ ಉತ್ತರ ಬೇರೆ ಬೇರೆ. ಮೇಲಕ್ಕೆದ್ದು ಓಡುವ ಹಗುರ ದೋಣಿ ಒಂದು ಗೇಣಿಗಿಂತ ಕಡಿಮೆ ನೀರಿನ ಮೇಲೂ ದಾಟಿಹೋಗುತ್ತದೆ. ಅದೇ ದೋಣಿ ನಿಂತರೆ ಹಿಂಭಾಗ ಕುಸಿದು ತಳ ಮರಳಿಗೆ ತಾಗುತ್ತದೆ. ಅಲ್ಲಿಂದಲೇ ಮತ್ತೆ ಹೊರಡಲು ಎಂಜಿನ್ ಏರಿಸಿದರೆ ಪಂಪು ನೀರಿಗಿಂತ ಹೆಚ್ಚು ಮರಳನ್ನೇ ಎಳೆಯುತ್ತದೆ. ಹೊರಡಲು ಒಂದೂವರೆಯಿಂದ ಎರಡು ಅಡಿ ನೀರು ಇರುವ ಜಾಗಕ್ಕೆ ದೋಣಿಯನ್ನು ಗಳ ಹಾಕಿ ನೂಕಿಕೊಂಡು ಹೋಗಿ, ಅಲ್ಲಿ ಎಂಜಿನ್ ಚಾಲೂ ಮಾಡುವುದು ಒಳ್ಳೆಯ ಅಭ್ಯಾಸ. ತೆಳುನೀರಿನ ನಡುವೆ ಹೆದರಿ ವೇಗ ಇಳಿಸುವುದೇ ಸಿಕ್ಕಿಬೀಳುವ ದಾರಿ. ಆದ್ದರಿಂದ ಮುಂದಿನ ಮಡು ಎಲ್ಲಿದೆ ಎಂದು ತಿಳಿಯದೆ ದಿಬ್ಬದ ಮೇಲೆ ನುಗ್ಗಬಾರದು.

ಹೊಳೆಯ ಮಡುಗಳು ಮತ್ತು ದಿಬ್ಬಗಳು ಪ್ರತಿ ಮಳೆಗಾಲದ ನಂತರ ಜಾಗ ಬದಲಿಸುತ್ತವೆ. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರದಿಂದ ವರದಾ ಕೂಡುವ ಗಳಗನಾಥದ ಕಡೆಗೆ ಸಾಗುವ ತುಂಗಭದ್ರೆಯ ದಂಡೆಯಲ್ಲಿ ಈಗಲೂ ಹೊಳೆಯನ್ನೇ ನಂಬಿ ಬದುಕುವ ಅಂಬಿಗರು ಮತ್ತು ಮೀನುಗಾರರು ಇದ್ದಾರೆ. ಈ ವರ್ಷದ ನೀರಿನ ದಾರಿ ಅವರಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿದಿಲ್ಲ. ಮರಳು ತೆಗೆದ ಕಡೆ ತೆಳುನೀರಿನ ಪಕ್ಕದಲ್ಲಿಯೇ ಆಳೆತ್ತರದ ಗುಂಡಿಗಳಿರುವುದನ್ನೂ ಅವರಿಂದ ಕೇಳಿ ತಿಳಿಯಬೇಕು, ಏಕೆಂದರೆ ಸಿಕ್ಕಿಕೊಂಡ ದೋಣಿಯನ್ನು ನೂಕಲು ಇಳಿದವರು ಮುಳುಗುವುದು ಅಂಥಲ್ಲಿಯೇ.

ಮರಳು ಮತ್ತು ಎರೆಮಣ್ಣಿನಿಂದ ಜೆಟ್ ಹಾಳಾಗುವುದಿಲ್ಲವೇ?

ಸವೆಯುತ್ತದೆ, ಅದನ್ನು ತಪ್ಪಿಸಲಾಗದು. ಇಂಪೆಲ್ಲರ್ ಮತ್ತು ಅದರ ಸುತ್ತಲಿನ ಲೈನರ್ ಎಂಬ ಒಳಕವಚದ ನಡುವಿನ ಅಂತರ ಸುಮಾರು 0.8 ಮಿಲಿಮೀಟರ್ ಇರಬೇಕು. ಮರಳು ಹಾದಂತೆಲ್ಲ ಈ ಅಂತರ ಹೆಚ್ಚಿ, ಎಂಜಿನ್ ಮೊದಲಿಗಿಂತ ಹೆಚ್ಚು ಸುತ್ತು ತಿರುಗಿದರೂ ದೋಣಿಯ ಓಟ ತಗ್ಗುತ್ತದೆ. ಔಟ್‌ಬೋರ್ಡ್ ಜೆಟ್‌ಗಳಲ್ಲಿ ಲೈನರ್ ಕೊಳಗದಂತೆ ಓರೆಯಾಗಿರುವುದರಿಂದ ದಂಡದ ಮೇಲಿನ ತೆಳು ವಾಶರ್‌ಗಳನ್ನು ಸ್ಥಳ ಬದಲಿಸಿ ಇಂಪೆಲ್ಲರನ್ನು ಸರಿಸಿದರೆ ಅಂತರ ಮತ್ತೆ ಸರಿಯಾಗುತ್ತದೆ. ಅಲಗಿನ ಮುಂದಂಚು ಮೊಂಡಾಗಿದ್ದರೆ ಅರದಿಂದ ಉಜ್ಜಿ ಚೂಪು ಮಾಡಬೇಕು. ಬೆಣ್ಣಿಹಳ್ಳ ಮತ್ತು ಮಲಪ್ರಭೆಯ ಎರೆಮಣ್ಣಿನ ನೀರು ಅಲಗನ್ನು ಮರಳಿನಷ್ಟು ಸವೆಸುವುದಿಲ್ಲ, ಆದರೆ ಎಂಜಿನ್ ತಣಿಸುವ ಸಣ್ಣ ದಾರಿಗಳಲ್ಲಿ ಕೂತು ಒಣಗುತ್ತದೆ. ಓಡಿಸಿದ ದಿನವೇ ತಿಳಿನೀರು ಹಾಯಿಸಿ ತೊಳೆದುಬಿಡಬೇಕು.

ಅಂತರಗಂಗೆ, ಜೊಂಡು ಮತ್ತು ಬಲೆ ಸಿಕ್ಕಿಕೊಂಡರೆ?

ಬಾಯಿಗೆ ಜಾಲರಿ ಇದ್ದೇ ಇರುತ್ತದೆ. ಅದು ಕಲ್ಲನ್ನು ತಡೆಯುತ್ತದೆ, ಆದರೆ ಅಂತರಗಂಗೆಯ ಬೇರು, ಪ್ಲಾಸ್ಟಿಕ್ ಚೀಲ ಮತ್ತು ಜೊಂಡು ಅದರ ಮೇಲೆಯೇ ಹರಡಿಕೊಂಡು ಪಂಪಿನ ಉಸಿರು ಕಟ್ಟಿಸುತ್ತವೆ. ಕಳೆ ತುಂಬಿದ ಕೆರೆಗೆ ಜೆಟ್ ಸೂಕ್ತವಲ್ಲ. ಒಳಗೆ ಕೂರಿಸುವ ಜೆಟ್ ಆದರೆ ಜಾಲರಿಯ ಮೇಲ್ಭಾಗದಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ಕೈ ಹಾಕಿ ತೆಗೆಯುವ ಮುಚ್ಚಳದ ಕಿಂಡಿ ಇರಲೇಬೇಕು. ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳದೆ ಯಾರೂ ಅಲ್ಲಿ ಕೈ ಇಡಬಾರದು.

ನೆರೆಯ ಸಮಯದ ರಕ್ಷಣಾ ಕೆಲಸಕ್ಕೆ ಜೆಟ್ ದೋಣಿ ಒಳ್ಳೆಯದೇ?

2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೆರೆ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ ಮತ್ತು ರೋಣ ತಾಲ್ಲೂಕಿನ ಹೊಳೆಆಲೂರು ಭಾಗಗಳನ್ನು ಮುಳುಗಿಸಿದ ನಂತರ ಈ ಪ್ರಶ್ನೆಯನ್ನು ಅನೇಕ ಯುವಕರು ಮನಃಪೂರ್ವಕವಾಗಿ ಕೇಳುತ್ತಾರೆ. ಅವರ ಕಾಳಜಿ ದೊಡ್ಡದು, ಆದ್ದರಿಂದ ಎರಡೂ ಬದಿಯನ್ನು ಹೇಳಬೇಕು.

ನೀರಿನಲ್ಲಿರುವ ಮನುಷ್ಯನ ಹತ್ತಿರ ಹೋಗುವಾಗ ತಿರುಗುವ ಅಲಗು ಹೊರಗಿಲ್ಲದಿರುವುದು ದೊಡ್ಡ ಅನುಕೂಲ. ಮುಳುಗಿದ ಬದು, ಕಲ್ಲುಗೋಡೆಗಳಿಗೆ ಬಡಿದು ಎಂಜಿನ್ ಮುರಿಯುವ ಭಯವೂ ಕಡಿಮೆ. ಆದರೆ ಊರೊಳಗೆ ನುಗ್ಗಿದ ನೆರೆನೀರಿನಲ್ಲಿ ಕಣಿಕೆ, ಜಾಲಿಕಂಟಿ, ಮುಳ್ಳುತಂತಿ, ಹಗ್ಗ ಮತ್ತು ಬಟ್ಟೆ ತೇಲುತ್ತಿರುತ್ತವೆ, ಜೆಟ್‌ನ ಬಾಯಿ ಇವೆಲ್ಲವನ್ನೂ ಎಳೆಯುತ್ತದೆ. ಸೀರೆಯ ಸೆರಗು, ಧೋತರದ ಚುಂಗು ಅಥವಾ ಬಿಚ್ಚಿದ ಕೂದಲು ಬಾಯಿಯ ಬಳಿ ಬಂದರೆ ಅಪಾಯ. ಹಾಗಾಗಿ ಜನರನ್ನು ಹತ್ತಿಸಿಕೊಳ್ಳುವಾಗ ಎಂಜಿನ್ನನ್ನು ಪೂರ್ತಿ ಆರಿಸಬೇಕು, ಹಿಂಬದಿಯಿಂದ ಯಾರನ್ನೂ ಹತ್ತಿಸಬಾರದು. ಜೊತೆಗೆ, ನಾಲ್ಕೈದು ಜನರನ್ನು ಕೂರಿಸಿದ ಸಣ್ಣ ದೋಣಿ ಮೇಲಕ್ಕೆದ್ದು ಓಡುವುದಿಲ್ಲ, ಅಂದರೆ ಹೆಚ್ಚು ಬಲ ಬೇಕಾದ ಹೊತ್ತಿಗೇ ಜೆಟ್ ದುರ್ಬಲವಾಗಿರುತ್ತದೆ. ನನ್ನ ತೀರ್ಮಾನದಲ್ಲಿ ಹಳ್ಳಿಯ ರಕ್ಷಣಾ ತಂಡಕ್ಕೆ ಗೂಡಿನ ರಕ್ಷಣೆ ಹಾಕಿದ ಪ್ರೊಪೆಲ್ಲರ್, ಸಾಕಷ್ಟು ಲೈಫ್ ಜಾಕೆಟ್ ಮತ್ತು ಉದ್ದನೆಯ ಹುಟ್ಟುಗಳೇ ಹೆಚ್ಚು ನಂಬಿಕೆಗೆ ಅರ್ಹ. ವಿದ್ಯುತ್ ತಂತಿಗಳು ನೀರಿನ ಮಟ್ಟಕ್ಕೆ ಹತ್ತಿರ ಬಂದಿರುವಲ್ಲಿ ಹೆಸ್ಕಾಂ ಸಂಪರ್ಕ ಕಡಿತಗೊಳಿಸಿದೆ ಎಂದು ಖಚಿತವಾಗದೆ ಯಾವ ದೋಣಿಯನ್ನೂ ಇಳಿಸಬಾರದು.

ನಡೆಸುವುದರಲ್ಲಿ ಏನು ವ್ಯತ್ಯಾಸ?

ಜೆಟ್ ದೋಣಿಗೆ ಚುಕ್ಕಾಣಿ ಎಂಬುದು ಪ್ರತ್ಯೇಕವಾಗಿ ಇಲ್ಲ, ಚಿಮ್ಮುವ ಧಾರೆಯೇ ಚುಕ್ಕಾಣಿ. ಎಂಜಿನ್ ಇಳಿಸಿದ ಕ್ಷಣ ದೋಣಿ ತಿರುಗುವುದನ್ನು ನಿಲ್ಲಿಸಿ, ಮುಖ ಮಾಡಿದ ಕಡೆಗೇ ಜಾರುತ್ತದೆ. ಬಂಡೆ ಎದುರಾದಾಗ ಕೈ ತಾನಾಗಿ ಎಂಜಿನ್ ಇಳಿಸಲು ಹೋಗುತ್ತದೆ, ಅದನ್ನು ತಡೆದು, ಎಂಜಿನ್ ಏರಿಸಿಯೇ ತಿರುಗಿಸುವ ಅಭ್ಯಾಸವನ್ನು ಆಳವಾದ, ಜನರಿಲ್ಲದ ನೀರಿನಲ್ಲಿ ಮೈಗೂಡಿಸಿಕೊಳ್ಳಬೇಕು. ಹಿಂದಕ್ಕೆ ಚಲಿಸಲು ಧಾರೆಗೆ ಅಡ್ಡ ಬೀಳುವ ಮುಚ್ಚಳ ಇರುತ್ತದೆ, ಅದರ ಬಲ ಕಡಿಮೆ. ಮುಚ್ಚಳ ಅರ್ಧದಲ್ಲಿರುವಾಗ ದೋಣಿ ನಿಂತಂತೆ ಕಂಡರೂ ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ಆರುವಂತೆ ಮಣಿಕಟ್ಟಿಗೆ ಕಟ್ಟುವ ದಾರವನ್ನು ಒಮ್ಮೆಯೂ ಮರೆಯಬಾರದು.

ಬ್ಯಾಟರಿಯಿಂದ ಓಡಿಸಬಹುದೇ?

48 ವೋಲ್ಟ್, 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 4.8 ಕಿಲೋವ್ಯಾಟ್ ಅವರ್ ಶಕ್ತಿ ಇರುತ್ತದೆ. ಮೇಲಿನ ದೋಣಿಗೆ 15 ಕಿಲೋವ್ಯಾಟ್‌ಗಿಂತ ಹೆಚ್ಚು ಬೇಕು. ಇಪ್ಪತ್ತು ನಿಮಿಷದೊಳಗೆ ಬ್ಯಾಟರಿ ಮುಗಿಯುತ್ತದೆ.

ಹುಬ್ಬಳ್ಳಿಯಲ್ಲಿ ಭಾಗಗಳನ್ನು ಮಾಡಿಸಬಹುದೇ?

ಹಿಂಬದಿ ಹಲಗೆಯ ತಟ್ಟೆ, ಜಾಲರಿ, ನಳಿಕೆ, ಮೂಲೆಕಟ್ಟು ಮತ್ತು ಲೈನರ್‌ಗಳನ್ನು ಗೋಕುಲ ರಸ್ತೆ ಅಥವಾ ತಾರಿಹಾಳ ಕೈಗಾರಿಕಾ ಪ್ರದೇಶದ ಲೇತ್ ಮತ್ತು ವೆಲ್ಡಿಂಗ್ ಕೆಲಸಗಾರರು ಚೆನ್ನಾಗಿ ಮಾಡಬಲ್ಲರು. ವಾಲ್ವ್ ತಯಾರಿಕೆಯಿಂದಾಗಿ ಸ್ಟೇನ್‌ಲೆಸ್ ಸ್ಟೀಲ್ ಎರಕದ ಅನುಭವವೂ ಈ ಊರಿಗೆ ಇದೆ. ಇಂಪೆಲ್ಲರನ್ನು ಮಾತ್ರ ಅಂದಾಜಿನಲ್ಲಿ ಮಾಡಿಸಬೇಡಿ. ಮೂಲ ಇಂಪೆಲ್ಲರಿನ ಅಲಗಿನ ಓರೆಯನ್ನು ನಕಲು ಮಾಡಿಸಿ, ತೂಕದ ಸಮತೋಲನ ನೋಡಿಸಿದ ನಂತರವೇ ಅದನ್ನು ಬಳಸಬೇಕು, ಏಕೆಂದರೆ ನಿಮಿಷಕ್ಕೆ ಐದು ಸಾವಿರ ಸುತ್ತಿನಲ್ಲಿ ಸಣ್ಣ ಅಸಮತೋಲನವೂ ಬೇರಿಂಗನ್ನು ಮುರಿಯುತ್ತದೆ.

ಅನುಮತಿ ಬೇಕೇ?

ಬೇಕು. 1917ರ ಹಳೆಯ ಕಾಯ್ದೆಯ ಬದಲಿಗೆ ಬಂದಿರುವ ಒಳನಾಡು ಹಡಗುಗಳ ಕಾಯ್ದೆ, 2021ರ ಪ್ರಕಾರ ಎಂಜಿನ್ನಿನಿಂದ ಚಲಿಸುವ ದೋಣಿಗೆ ತಪಾಸಣೆ, ನೋಂದಣಿ ಮತ್ತು ವಿಮೆ ಬೇಕಾಗುತ್ತದೆ. ಎಂಜಿನ್ ವ್ಯವಸ್ಥೆ ಬದಲಿಸಿದ್ದನ್ನು ತಪಾಸಣೆಯ ವೇಳೆ ಮುಚ್ಚಿಡಬಾರದು. ಕೆರೆಯಲ್ಲಿ ಪರೀಕ್ಷಿಸುವುದಾದರೆ ಆ ಕೆರೆಯ ಒಡೆತನದ ಇಲಾಖೆ ಅಥವಾ ಪಂಚಾಯಿತಿಯನ್ನೂ, ಅಲ್ಲಿ ಮೀನು ಸಾಕಲು ಗುತ್ತಿಗೆ ಹಿಡಿದವರನ್ನೂ ಕೇಳಬೇಕು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ದೋಣಿಯನ್ನು ಒಯ್ಯುವ ಯೋಚನೆಯನ್ನೇ ಮಾಡಬಾರದು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದು ತಂಗುವ ಆ ಸಂರಕ್ಷಿತ ಕೆರೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳಾದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದೆ.

ನಿತ್ಯದ ಆರೈಕೆ ಏನು?

ಔಟ್‌ಬೋರ್ಡ್ ಜೆಟ್‌ನ ಬೇರಿಂಗಿಗೆ ಹತ್ತು ಗಂಟೆಗಳ ಓಟಕ್ಕೊಮ್ಮೆ, ಹೊಸ ಗ್ರೀಸು ಹೊರಬರುವವರೆಗೆ, ಗನ್ನಿನಿಂದ ಗ್ರೀಸು ತುಂಬಬೇಕು. ಹೊರಬರುವ ಗ್ರೀಸು ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಹೋಗಿ ನೀರು ಒಳಸೇರಿದೆ ಎಂದರ್ಥ, ಸೀಲ್ ಬದಲಿಸದೆ ಮತ್ತೆ ಓಡಿಸಬಾರದು. ಪ್ರತಿ ಓಟದ ನಂತರ ಜಾಲರಿಯ ಸಲಾಕೆಗಳು ಬಾಗಿವೆಯೇ, ಅಲಗಿನ ಮುಂದಂಚಿನಲ್ಲಿ ಕಚ್ಚು ಬಿದ್ದಿದೆಯೇ ಎಂದು ನೋಡಿ, 0.8 ಮಿಲಿಮೀಟರ್ ಫೀಲರ್ ಗೇಜನ್ನು, ಅಂದರೆ ಸಂದು ಅಳೆಯುವ ತೆಳು ಪಟ್ಟಿಯನ್ನು, ಇಂಪೆಲ್ಲರಿನ ಸುತ್ತ ಹಾಕಿ ಅಂತರ ಅಳೆಯಬೇಕು. ಮಳೆಗಾಲಕ್ಕೆ ಮುನ್ನ ಹಿಂಬದಿ ಹಲಗೆಯ ಬೋಲ್ಟುಗಳನ್ನು ಬಿಚ್ಚಿ, ತೂತುಗಳ ಸುತ್ತ ಹಲಗೆ ಮೆತ್ತಗಾಗಿದೆಯೇ ಎಂದು ಚೂಪಾದ ಮೊಳೆಯಿಂದ ಚುಚ್ಚಿ ನೋಡಿ, ಸೀಲಂಟ್ ಹಚ್ಚಿ ಮತ್ತೆ ಬಿಗಿಯಬೇಕು.